ಆಯಾ ಕೆಲಸ ಮಾಡ್ತಾನೇ ಟೀಚರ್ ಓದು ಓದ್ಬಹುದಾ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದಿರೋ ಪತ್ರಗಳಲ್ಲಿ ಜಾಸ್ತಿ ಪಾಲು ಶಾಲೆಯೊಳಗೇ ದುಡೀತಾ ಇರೋ ಆದ್ರೆ ಟೀಚರ್ ಅಲ್ಲದೇ ಇರೋರದ್ದು, ಅದಕ್ಕೆ ಎಲ್ಲಾನೂ ಒಟ್ಟಿಗೇ ತಗೊಂಡಿದೀನಿ. ಮೊದಲನೇ ಪತ್ರ ಉದ್ದ ಇದೆ, ಉತ್ತರಾನೂ ಉದ್ದಾನೇ, ಬೇಜಾರ್ ಮಾಡ್ಕೋಬೇಡಿ.

ಪ್ರಶ್ನೆ: ನಮಸ್ತೆ ಮೇಡಂ. ಚಿಕ್ಕಬಳ್ಳಾಪುರದ ಒಂದು ಪ್ರೈವೇಟ್ ಇಂಗ್ಲಿಷ್ ಮೀಡಿಯಂ ಸ್ಕೂಲಿಗೆ ಆಯಾ ಅಂತ ಸೇರ್ಕೊಂಡಿದ್ದೆ, ಈಗ ಎಲ್‌ಕೆಜಿ ಮಿಸ್‌ಗೆ ಅಸಿಸ್ಟೆಂಟ್ ಥರ ಇದೀನಿ. ಮಕ್ಕಳ ಡಬ್ಬಿ ಬಿಚ್ಚಿಕೊಡೋದ್ರಿಂದ ಹಿಡಿದು ಮಿಸ್ ರಜ ಹಾಕಿದ ದಿನ ಅ ಆ ಇ ಈ ತಿದ್ದಿಸೋವರೆಗೂ ಎಲ್ಲಾ ನಾನೇ. ಪಿಯುಸಿ ಆರ್ಟ್ಸ್ ಪಾಸಾಗಿದೀನಿ, ಆಮೇಲೆ ಮದುವೆ ಆಯ್ತು, ಓದು ನಿಂತೋಯ್ತು. ಪ್ರಿನ್ಸಿಪಾಲ್ ಮೇಡಂ ‘ಏನಾದ್ರೂ ಟ್ರೈನಿಂಗ್ ಮಾಡ್ಕೊ, ಮಿಸ್ ಅಂತಾನೇ ತಗೋತೀವಿ’ ಅಂತಾರೆ. ಇಲ್ಲೊಂದು ಇನ್‌ಸ್ಟಿಟ್ಯೂಟ್‌ನೋರು ಮೂರು ತಿಂಗಳಲ್ಲಿ ಎನ್‌ಟಿಟಿ (ನರ್ಸರಿ ಟೀಚರ್ ಟ್ರೈನಿಂಗ್) ಸರ್ಟಿಫಿಕೇಟ್ ಕೊಡ್ತೀವಿ, ಗೌರ್ಮೆಂಟ್ ಕೆಲಸಕ್ಕೂ ನಡೆಯುತ್ತೆ, ಕ್ಲಾಸಿಗೆ ಬರೋದೂ ಬೇಡ ಅಂತಿದಾರೆ. ಸೇರ್ಕೊಳ್ಲಾ? ಇಷ್ಟು ವರ್ಷ ಮಕ್ಕಳ ಮಧ್ಯೆ ಇದ್ದಿದ್ದಕ್ಕೆ ಬೆಲೆನೇ ಇಲ್ವಾ? ಮತ್ತೆ ಪುಸ್ತಕ ಹಿಡಿದ್ರೆ ತಲೆಗೆ ಹತ್ತುತ್ತಾ ಅನ್ನೋ ಭಯಾನೂ ಇದೆ.
– ಹೆಸರು ಬೇಡ, ಚಿಕ್ಕಬಳ್ಳಾಪುರ

ಉತ್ತರ: ಮೊದಲು ಆ ಮೂರು ತಿಂಗಳ ವಿಷಯ. ದುಡ್ಡು ಕಟ್ಟಿಲ್ಲ ತಾನೇ? ಕಟ್ಬೇಡಿ. ಟೀಚರ್ ಟ್ರೈನಿಂಗ್ ಕೋರ್ಸ್‌ಗಳಿಗೆ ಮಾನ್ಯತೆ ಕೊಡೋದು ಎನ್‌ಸಿಟಿಇ ಅನ್ನೋ ಕೇಂದ್ರ ಸರ್ಕಾರದ ಸಂಸ್ಥೆ, ಚಿಕ್ಕ ಮಕ್ಕಳ ಟೀಚರ್‌ಗಳಿಗೆ ಅವರು ಒಪ್ಪಿರೋದು ಡಿ.ಪಿ.ಎಸ್.ಇ. ಅನ್ನೋ ಎರಡು ವರ್ಷದ ಡಿಪ್ಲೊಮಾ, ಅದಕ್ಕೆ ದಿನಾ ಕ್ಲಾಸಿಗೆ ಹೋಗ್ಬೇಕು. ಎನ್‌ಟಿಟಿ ಅಂತ ಬೋರ್ಡ್ ಹಾಕ್ಕೊಂಡು ಮೂರು ತಿಂಗಳಿಗೂ ಆರು ತಿಂಗಳಿಗೂ ಕೊಡೋ ಕಾಗದ ನಿಮ್ಮ ಪ್ರಿನ್ಸಿಪಾಲ್ ಒಪ್ಕೊಂಡ್ರೆ ಆ ಸ್ಕೂಲಲ್ಲಿ ನಡೆಯುತ್ತೆ, ಅಷ್ಟೇ. ‘ಗೌರ್ಮೆಂಟ್ ಕೆಲಸಕ್ಕೂ ನಡೆಯುತ್ತೆ’ ಅನ್ನೋ ಮಾತನ್ನ ಲೆಟರ್‌ಹೆಡ್ ಮೇಲೆ ಬರೆದು ಸೀಲ್ ಹಾಕಿ ಕೊಡಿ ಸಾರ್ ಅಂತ ಒಂದ್ ಸಲ ಕೇಳಿ ನೋಡಿ, ಮುಖ ಹೇಗಾಗುತ್ತೆ ಅಂತ ನೀವೇ ನೋಡ್ತೀರ. ಮಾನ್ಯತೆ ಇರೋ ಸಂಸ್ಥೆಗಳ ಪಟ್ಟಿ ಎನ್‌ಸಿಟಿಇ ವೆಬ್‌ಸೈಟಲ್ಲೇ ರಾಜ್ಯವಾರು ಸಿಗುತ್ತೆ, ಫೀಸ್ ಕಟ್ಟೋಕೆ ಮುಂಚೆ ಅದನ್ನ ನೋಡಿ.

ಈಗ ನಿಮಗೆ ಏನಾಗ್ಬೇಕು ಅನ್ನೋದು. ಸರ್ಕಾರಿ ಶಾಲೇಲಿ ಒಂದರಿಂದ ಐದನೇ ಕ್ಲಾಸಿನ ಟೀಚರ್ ಆಗ್ಬೇಕು ಅಂದ್ರೆ ಡಿ.ಎಲ್.ಎಡ್., ಅಂದ್ರೆ ಪ್ರೈಮರಿ ಟೀಚರ್ ಡಿಪ್ಲೊಮಾ ಬೇಕು. ಪಿಯುಸಿಯಲ್ಲಿ 50 ಪರ್ಸೆಂಟ್ ಇರ್ಬೇಕು, ಎಸ್‌ಸಿ, ಎಸ್‌ಟಿ, ಪ್ರವರ್ಗ-1ರೋರಿಗೆ 45. ಎರಡು ವರ್ಷ ರೆಗ್ಯುಲರ್, ಅದಾದ್ಮೇಲೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪಾಸ್ ಮಾಡ್ಬೇಕು, 150ಕ್ಕೆ 90, ಮೀಸಲಾತಿಯವರಿಗೆ ಸ್ವಲ್ಪ ಕಮ್ಮಿ. ಕೋಲಾರದಲ್ಲೂ ತುಮಕೂರಲ್ಲೂ ಡಯಟ್ (ಸರ್ಕಾರಿ ಟೀಚರ್ ತರಬೇತಿ ಸಂಸ್ಥೆ) ಇದೆ, ಆದ್ರೆ ದಿನಾ ಹೋಗ್ಬೇಕಾಗಿರೋದ್ರಿಂದ ಈಗಿನ ಕೆಲಸ ಬಿಡ್ಬೇಕಾಗುತ್ತೆ. ಸಂಬಳ ಬಿಟ್ಟು ಎರಡು ವರ್ಷ ಮನೆ ನಡೆಯುತ್ತಾ ಅನ್ನೋದು ನಿಮ್ಮ ಮನೆಯವ್ರ ಜೊತೆ ಕೂತು ಲೆಕ್ಕ ಹಾಕೋ ವಿಷಯ, ನಾನು ಇಲ್ಲಿಂದ ಹೇಳಕ್ಕಾಗಲ್ಲ.

ಕೆಲಸ ಬಿಡಲ್ಲ, ಇದೇ ಎಲ್‌ಕೆಜಿ ಯುಕೆಜಿ ಮಕ್ಕಳ ಮಿಸ್ ಆಗ್ಬೇಕು ಅಂದ್ರೆ ನಾನು ಹೇಳೋದು ಇಗ್ನೋ ಅನ್ನೋ ಕೇಂದ್ರದ ಮುಕ್ತ ವಿವಿಯ ಡಿ.ಇ.ಸಿ.ಇ., ಅಂದ್ರೆ ಶಿಶುಪಾಲನೆ ಮತ್ತು ಶಿಕ್ಷಣದ ಡಿಪ್ಲೊಮಾ. ಪಿಯುಸಿ ಆಗಿದ್ರೆ ಸಾಕು. ಮನೇಲಿ ಓದಿ ಅಸೈನ್‌ಮೆಂಟ್ ಬರೆದು ಕೊಡೋದು, ಪರೀಕ್ಷೆ, ಜೊತೆಗೆ ಮಕ್ಕಳ ಕೇಂದ್ರದಲ್ಲಿ ಇದ್ದು ಮಾಡೋ ಪ್ರಾಜೆಕ್ಟ್. ಒಂದು ಕಷ್ಟ ಮೊದಲೇ ಹೇಳ್ಬಿಡ್ತೀನಿ, ಪುಸ್ತಕ ಇಂಗ್ಲಿಷಲ್ಲೋ ಹಿಂದೀಲೋ ಇರುತ್ತೆ, ಕನ್ನಡ ಮೀಡಿಯಂ ಓದಿದೋರಿಗೆ ಮೊದಮೊದಲು ಒಂದೊಂದು ಪುಟಾನೂ ಜೀವ ತಿನ್ನುತ್ತೆ. ಇದು ಸರ್ಕಾರಿ ಟೀಚರ್ ಮಾಡೋ ಕೋರ್ಸೂ ಅಲ್ಲ. ಆದ್ರೆ ನಿಜವಾದ ಯೂನಿವರ್ಸಿಟಿ ಕೊಟ್ಟ ನಿಜವಾದ ಡಿಪ್ಲೊಮಾ, ಮೂರು ತಿಂಗಳ ಕಾಗದದ ಪಕ್ಕ ಇಟ್ರೆ ಯಾವ ಸ್ಕೂಲ್‌ನೋರಿಗಾದ್ರೂ ವ್ಯತ್ಯಾಸ ಗೊತ್ತಾಗುತ್ತೆ.

ಟೈಮ್ ಎಷ್ಟು ಬೇಕು ಅಂದ್ರೆ ಒಟ್ಟು 32 ಕ್ರೆಡಿಟ್, ಒಂದು ಕ್ರೆಡಿಟ್‌ಗೆ 30 ಗಂಟೆ ಓದು ಅಂತ ಲೆಕ್ಕ, ಅಲ್ಲಿಗೆ 960 ಗಂಟೆ. ಒಂದೇ ವರ್ಷದಲ್ಲಿ ಮುಗಿಸ್ತೀನಿ ಅಂದ್ರೆ ವಾರಕ್ಕೆ 18 ಗಂಟೆ ಮೇಲೆ ಬೇಕು, ಮನೆ ಮಕ್ಕಳು ಅಡುಗೆ ನೋಡ್ಕೊಂಡು ಅದು ಆಗೋ ಮಾತಲ್ಲ. ಎರಡು ವರ್ಷ ಅಂತ ಇಟ್ಕೊಳ್ಳಿ, ವಾರಕ್ಕೆ ಒಂಬತ್ತು ಗಂಟೆ ಚಿಲ್ಲರೆ. ವರ್ಷದಲ್ಲೇ ಮುಗಿಸ್ಬೇಕು ಅಂತ ಇಗ್ನೋದವರು ಯಾರೂ ಕುತ್ತಿಗೆ ಮೇಲೆ ಕೂರಲ್ಲ. ಅಡ್ಮಿಶನ್ ಜನವರಿಗೂ ಇರುತ್ತೆ, ಜುಲೈಗೂ ಇರುತ್ತೆ.

ಇನ್ನು ನಿಮ್ಮ ಅನುಭವಕ್ಕೆ ಬೆಲೆ ಇಲ್ವಾ ಅಂದ್ರಲ್ಲ. ಸರ್ಟಿಫಿಕೇಟ್ ಬದಲಿಗೆ ಅನುಭವ ತೋರಿಸಿದ್ರೆ ನಡೆಯಲ್ಲ, ಅದು ಸತ್ಯ. ಆದ್ರೆ ಓದೋದ್ರೊಳಗೆ ಅದು ತುಂಬಾನೇ ಉಪಯೋಗಕ್ಕೆ ಬರುತ್ತೆ, ಯಾಕಂದ್ರೆ ಈ ಥರ ಕೋರ್ಸಲ್ಲಿ ಕೇಳೋದೇ ‘ಒಂದು ಮಗುವನ್ನ ಗಮನಿಸಿ ಬರೀರಿ’ ಅಂತ, ಮನೇಲಿ ಕೂತ್ಕೊಂಡು ಓದೋರಿಗೆ ಮಗು ಎಲ್ಲಿ ಸಿಗುತ್ತೆ? ನಿಮಗೆ ಕ್ಲಾಸ್ ತುಂಬಾ ಇದಾರೆ.

ಗಮನಿಸೋದು ಹೇಗೆ ಅಂತ ಒಂದು ಉದಾಹರಣೆ ಕೊಡ್ತೀನಿ. ಒಬ್ಬ ಹುಡುಗ ಟಿಫಿನ್ ಬೆಲ್ ಆದ ತಕ್ಷಣ ಡಬ್ಬಿ ಮುಚ್ಚಿ ಬ್ಯಾಗ್ ಕೆಳಗೆ ತಳ್ಳಿಬಿಡ್ತಾನೆ ಅನ್ಕೊಳ್ಳಿ. ನೋಟ್‌ಬುಕ್ಕಲ್ಲಿ ‘ಹಠಮಾರಿ, ಊಟ ಮಾಡಲ್ಲ’ ಅಂತ ಬರೆದ್ರೆ ಅದು ನಿಮ್ಮ ತೀರ್ಮಾನ ಆಯ್ತು, ಗಮನಿಸಿದ ಹಾಗಾಗಲಿಲ್ಲ. ಅದರ ಬದಲು ಕಣ್ಣಿಗೆ ಕಂಡಿದ್ದನ್ನ ಮಾತ್ರ ಬರೀರಿ: 11.20ಕ್ಕೆ ಬೆಲ್ ಆಯ್ತು, ಮುಚ್ಚಳ ಅರ್ಧ ತೆಗೆದ, ಪಕ್ಕದ ಹುಡುಗಿ ಡಬ್ಬಿ ಕಡೆ ನೋಡಿದ, ಅದರಲ್ಲಿ ಬ್ರೆಡ್ ಜಾಮ್ ಇತ್ತು, ತನ್ನದು ಮುಚ್ಚಿಟ್ಟ, ನಾನು ಹೋಗಿ ಪಕ್ಕದಲ್ಲಿ ಕೂತು ‘ನಂಗೊಂಚೂರು ಕೊಡೋ’ ಅಂದಾಗ ರಾಗಿ ರೊಟ್ಟಿ ಮುರಿದು ಕೊಟ್ಟ, ಆಮೇಲೆ ತಾನೂ ತಿಂದ. ಹೀಗೆ ನಾಲ್ಕು ದಿನ ಬರೆದ್ರೆ ಹುಡುಗ ಹಠ ಮಾಡ್ತಿಲ್ಲ, ರೊಟ್ಟಿ ತೋರಿಸೋಕೆ ನಾಚ್ಕೋತಿದಾನೆ ಅಂತ ನಿಮಗೇ ಹೊಳೆಯುತ್ತೆ. ಇದನ್ನ ನೀವು ದಿನಾ ನೋಡ್ತಾನೇ ಇದೀರ, ಬರೆದಿಟ್ಟಿಲ್ಲ ಅಷ್ಟೇ. ಅಸೈನ್‌ಮೆಂಟಲ್ಲಿ ಮಗುವಿನ ನಿಜವಾದ ಹೆಸರು ಹಾಕ್ಬೇಡಿ, ಫೋಟೋ ಅಂಟಿಸ್ಬೇಡಿ, ಪ್ರಿನ್ಸಿಪಾಲ್‌ಗೆ ಮೊದಲೇ ಹೇಳಿ ಒಪ್ಪಿಗೆ ತಗೊಳ್ಳಿ, ತಂದೆತಾಯಿಗೂ ಗೊತ್ತಿರ್ಲಿ. ಜೆರಾಕ್ಸ್ ಅಂಗಡಿಗಳಲ್ಲಿ ರೆಡಿಮೇಡ್ ಅಸೈನ್‌ಮೆಂಟ್ ಮಾರ್ತಾರೆ, ಅದನ್ನ ತಗೊಂಡು ಕಾಪಿ ಹೊಡೆಯೋರಿಗೆ ಈ ಕೋರ್ಸಿಂದ ಏನೂ ಸಿಗಲ್ಲ, ನಿಮ್ಮಂಥೋರಿಗಂತೂ ಅದರ ಅವಶ್ಯಕತೆನೇ ಇಲ್ಲ.

ಇನ್ನೊಂದು, ಪ್ರಿನ್ಸಿಪಾಲ್ ಬಾಯಲ್ಲಿ ಹೇಳಿದ್ದು ಒಳ್ಳೇದೇ. ಆದ್ರೆ ಎಷ್ಟು ಸಂಬಳಕ್ಕೆ ‘ಮಿಸ್’? ಆಯಾ ಸಂಬಳಕ್ಕೇ ಮಿಸ್ ಕೆಲಸಾನೂ ಮಾಡಿಸೋ ಸ್ಕೂಲು ನಮ್ಮ ಕಡೆ ಕಮ್ಮಿ ಏನಿಲ್ಲ. ಕೋರ್ಸಿಗೆ ಸೇರೋ ಮುಂಚೇನೇ ಇದನ್ನ ಮೆತ್ತಗೆ ಕೇಳಿ, ಸಾಧ್ಯ ಆದ್ರೆ ಬರೆಸ್ಕೊಳ್ಳಿ. ಯಾವ ವರ್ಷದಿಂದ, ಯಾವ ಕ್ಲಾಸಲ್ಲಿ, ಏನು ಕೆಲಸ ಅಂತ ಒಂದು ಅನುಭವ ಪತ್ರಾನೂ ಈಗ್ಲೇ ತಗೊಂಡಿಡಿ, ಮ್ಯಾನೇಜ್‌ಮೆಂಟ್ ಬದಲಾದ್ರೆ ಆಮೇಲೆ ಕೊಡೋರು ಇರಲ್ಲ.

ಪ್ರಶ್ನೆ: ಗೌರಿಬಿದನೂರು ತಾಲ್ಲೂಕಿನ ಅಂಗನವಾಡಿ ಸಹಾಯಕಿ ನಾನು, ಎಸ್ಸೆಸ್ಸೆಲ್ಸಿ ಆಗಿದೆ, ಆರೇಳು ವರ್ಷದ ಸರ್ವೀಸ್ ಇದೆ. ಕಾರ್ಯಕರ್ತೆ ಆಗೋಕೆ ನಾನು ಏನು ಓದ್ಬೇಕು ಅಕ್ಕಾ?
– ಒಬ್ಬ ಸಹೋದರಿ

ಉತ್ತರ: ಪಿಯುಸಿ ಮಾಡ್ಕೊಳ್ಳಮ್ಮ, ಬೇರೆ ಯಾವ ಸರ್ಟಿಫಿಕೇಟ್ ಹಿಂದೆನೂ ಹೋಗ್ಬೇಡ. ಕೇಂದ್ರ ಸರ್ಕಾರ 2022ರಲ್ಲಿ ತಂದ ಸಕ್ಷಮ್ ಅಂಗನವಾಡಿ ಮಾರ್ಗಸೂಚೀಲಿ ಕಾರ್ಯಕರ್ತೆಗೆ ಪಿಯುಸಿ ಅಂತ ಇದೆ, ಅದರ ಜೊತೆಗೇ ಕಾರ್ಯಕರ್ತೆ ಹುದ್ದೆಗಳಲ್ಲಿ ಅರ್ಧದಷ್ಟನ್ನ 5 ವರ್ಷ ಅನುಭವ ಇರೋ, ಅರ್ಹತೆ ಇರೋ ಸಹಾಯಕಿಯರಿಗೇ ಬಡ್ತಿ ಕೊಟ್ಟು ತುಂಬಬೇಕು ಅಂತಾನೂ ಇದೆ. ಅಂದ್ರೆ ನಿನ್ನ ಸರ್ವೀಸ್ ಈಗಾಗ್ಲೇ ಆ ಲೆಕ್ಕ ದಾಟಿದೆ, ತಡೀತಿರೋದು ಪಿಯುಸಿ ಒಂದೇ. ನಿಮ್ಮ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಆಫೀಸಲ್ಲಿ ವಯಸ್ಸಿನ ಮಿತಿ, ಅದೇ ಊರಿನವರಾಗಿರ್ಬೇಕಾ ಅನ್ನೋ ನಿಯಮ ಏನು ಅಂತ ಮೊದಲು ಕೇಳ್ಕೊ.

ಪಿಯುಸಿ ಆರ್ಟ್ಸ್ ಅನ್ನ ಖಾಸಗಿ ಅಭ್ಯರ್ಥಿಯಾಗಿ, ಕನ್ನಡದಲ್ಲೇ ಬರೀಬಹುದು, ಹತ್ತಿರದ ಪಿಯು ಕಾಲೇಜಲ್ಲಿ ಅರ್ಜಿ ವಿಚಾರಿಸು. ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ನಡೆಯುತ್ತೆ, ಒಂದು ಸಬ್ಜೆಕ್ಟ್ ಹೋಯ್ತು ಅಂತ ಇಡೀ ವರ್ಷ ಕಾಯ್ಬೇಕಾಗಿಲ್ಲ. ಅಂದಹಾಗೆ 2020ರ ರಾಷ್ಟ್ರೀಯ ಶಿಕ್ಷಣ ನೀತೀಲಿ ಪಿಯುಸಿ ಓದಿರೋ ಕಾರ್ಯಕರ್ತೆಯರಿಗೆ 6 ತಿಂಗಳ ಸರ್ಟಿಫಿಕೇಟ್ ಕೋರ್ಸು, ಅದಕ್ಕಿಂತ ಕಮ್ಮಿ ಓದಿದೋರಿಗೆ 1 ವರ್ಷದ ಡಿಪ್ಲೊಮಾ, ಅದೂ ಕೆಲಸಕ್ಕೆ ಅಡ್ಡಿ ಆಗದ ಹಾಗೆ ಟಿವಿ, ಸ್ಮಾರ್ಟ್‌ಫೋನ್ ಮೂಲಕ ಅಂತ ಬರೆದಿದಾರೆ. ಇಲಾಖೆಯಿಂದ ಅಂಥ ಟ್ರೈನಿಂಗ್ ಆರ್ಡರ್ ಬಂದ್ರೆ ಮೊದಲ ಹೆಸರು ನಿನ್ನದೇ ಕೊಡು, ಸೂಪರ್‌ವೈಸರ್ ಕೇಳೋವರೆಗೂ ಕಾಯ್ಬೇಡ.

ಪ್ರಶ್ನೆ: ಮುಳಬಾಗಿಲು ಹತ್ರ ಬಿಸಿಯೂಟದ ಅಡುಗೆಯವಳು. ಎಸ್ಸೆಸ್ಸೆಲ್ಸಿ ಫೇಲು. ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ ಬರೀತಾಳೆ, ನಾನೂ ಬರೆದ್ರೆ ಜನ ನಗಲ್ವಾ?

ಉತ್ತರ: ನಗ್ತಾರೆ, ರಿಸಲ್ಟ್ ಬರೋವರೆಗೆ. ನಿಮ್ಮ ಶಾಲೆ ಹೆಡ್‌ಮೇಷ್ಟ್ರನ್ನೇ ಕೇಳಿ ಹತ್ತಿರದ ಹೈಸ್ಕೂಲಲ್ಲಿ ಅರ್ಜಿ ಹಾಕಿ. ನೀವು ಓದಿದ ಕಾಲದ ಸಿಲಬಸ್ ಈಗಿಲ್ಲ, ಹಳೇ ಪುಸ್ತಕ ಹುಡುಕ್ಬೇಡಿ, ಮಗಳ ಪುಸ್ತಕದಲ್ಲೇ ಓದಿ. ಲೆಕ್ಕ ಹೇಳಿಕೊಡೋಕೆ ಅವಳಿಗೇ ಹೇಳಿ, ಅವಳಿಗೂ ಅದು ರಿವಿಷನ್.

ಪ್ರಶ್ನೆ: ಶಿರಾದ ಒಂದು ಹೈಸ್ಕೂಲಲ್ಲಿ ಕ್ಲರ್ಕ್ ಆಗಿದೀನಿ, ಬಿ.ಎ. ಆಗಿದೆ. ಮೈಸೂರಿನ ಮುಕ್ತ ವಿವಿಯಲ್ಲಿ ದೂರಶಿಕ್ಷಣದ ಬಿ.ಎಡ್. ಮಾಡೋಣ ಅಂತಿದೀನಿ. ಟೀಚಿಂಗ್ ಎಕ್ಸ್‌ಪೀರಿಯೆನ್ಸ್ ಸರ್ಟಿಫಿಕೇಟ್ ‘ಅರೇಂಜ್’ ಮಾಡ್ಕೊಡ್ತೀನಿ ಅಂತ ಒಬ್ಬರು ಹೇಳಿದಾರೆ. ಮಾಡ್ಬಹುದಾ?
– ಒಬ್ಬ ಓದುಗ

ಉತ್ತರ: ಆ ‘ಅರೇಂಜ್’ ಮಾಡೋರಿಂದ ದೂರ ಇರಿ ಸಾರ್. ಸುಳ್ಳು ಅನ್ನೋದು ಒಂದು ಕಡೆ ಆಯ್ತು, ಅದರಿಂದ ಕೆಲಸಾನೂ ಆಗಲ್ಲ. ಎನ್‌ಸಿಟಿಇಯ 2014ರ ನಿಯಮದ ಪ್ರಕಾರ ದೂರಶಿಕ್ಷಣದ ಬಿ.ಎಡ್. ಇರೋದು ಈಗಾಗ್ಲೇ ತರಬೇತಿ ಪಡೆದು ಕೆಲಸದಲ್ಲಿರೋ ಪ್ರಾಥಮಿಕ ಶಾಲೆ ಟೀಚರ್‌ಗಳಿಗೆ, ಇಲ್ಲಾ ರೆಗ್ಯುಲರ್ ಆಗಿ ಡಿ.ಎಲ್.ಎಡ್. ಥರದ ಕೋರ್ಸ್ ಮುಗಿಸಿರೋರಿಗೆ. ಬರೀ ಅನುಭವ ಪತ್ರ ಇಟ್ಕೊಂಡು, ಅದು ಅಸಲಿನೇ ಆಗಿದ್ರೂ, ಕ್ಲರ್ಕ್ ಆಗಿರೋ ನಿಮಗೆ ಸೀಟ್ ಸಿಗಲ್ಲ. ರಜ ಹಾಕೋಕೆ ಮ್ಯಾನೇಜ್‌ಮೆಂಟ್ ಒಪ್ಪಿದ್ರೆ ಎರಡು ವರ್ಷದ ರೆಗ್ಯುಲರ್ ಬಿ.ಎಡ್., ಒಪ್ಪದಿದ್ರೆ ಮುಕ್ತ ವಿವಿಯಲ್ಲೇ ಎಂ.ಎ. ಮಾಡಿ, ತುಮಕೂರಲ್ಲೇ ಅವರ ಪ್ರಾದೇಶಿಕ ಕೇಂದ್ರ ಇದೆ. ಹಿಂದೆ ಆ ಮುಕ್ತ ವಿವಿಯ ಮಾನ್ಯತೆ ಗಲಾಟೆ ಆಗಿತ್ತಲ್ಲ ಅಂತ ಅನುಮಾನ ಬೇಡ, 2018ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮಾನ್ಯತೆ ವಾಪಸ್ ಬಂತು.

ಬಿ.ಎಡ್. ಆದ್ರೆ ಪ್ರೈಮರಿಗೂ ಆಗುತ್ತೆ ಅನ್ನೋ ಲೆಕ್ಕ ಏನಾದ್ರೂ ಇದ್ರೆ ಅದನ್ನೂ ಬಿಡಿ. 2023ರ ಆಗಸ್ಟಲ್ಲಿ ಸುಪ್ರೀಂ ಕೋರ್ಟ್ ಒಂದರಿಂದ ಐದನೇ ಕ್ಲಾಸಿಗೆ ಬಿ.ಎಡ್. ಅರ್ಹತೆ ಅಲ್ಲ ಅಂತ ತೀರ್ಪು ಕೊಟ್ಟಿದೆ.

ಪ್ರಶ್ನೆ: ನನ್ನ ಮಗಳು ಮದುವೆ ಆಗಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದಾಳೆ, ಅಲ್ಲಿನ ಪ್ರೈಮರಿ ಸ್ಕೂಲಲ್ಲಿ ಟೀಚಿಂಗ್ ಅಸಿಸ್ಟೆಂಟ್. ಕೆಲಸ ಮಾಡ್ಕೊಂಡೇ ಫೌಂಡೇಶನ್ ಡಿಗ್ರಿ ಮಾಡ್ತೀನಮ್ಮ ಅಂತಾಳೆ. ಅದು ಡಿಗ್ರಿನೇನಾ? ವಾಪಸ್ ತುಮಕೂರಿಗೆ ಬಂದ್ರೆ ಇಲ್ಲಿ ನಡೆಯುತ್ತಾ?
– ಒಬ್ಬ ತಾಯಿ, ತುಮಕೂರು

ಉತ್ತರ: ಅಲ್ಲಿ ಅದು ಒಳ್ಳೇ ಕೋರ್ಸೇ ಅಮ್ಮಾ, ಮೇಲಿನ ಚಿಕ್ಕಬಳ್ಳಾಪುರದ ತಂಗಿಗೆ ಇಲ್ಲಿ ಅಂಥದ್ದು ಸಿಗ್ತಿದ್ರೆ ಎಷ್ಟು ಚೆನ್ನಾಗಿತ್ತು ಅನ್ಸುತ್ತೆ. ಶಾಲೇಲಿ ಕೆಲಸ ಮಾಡ್ತಿರೋರಿಗೇ ಅಂತ ಮಾಡಿರೋದು, ದಿನಾ ಕ್ಲಾಸಲ್ಲಿ ಮಾಡೋ ಕೆಲಸಾನೇ ಅಸೈನ್‌ಮೆಂಟ್ ಆಗುತ್ತೆ. ಆದ್ರೆ ಅದು ಪೂರ್ತಿ ಡಿಗ್ರಿ ಅಲ್ಲ. ಅಲ್ಲಿ ಆನರ್ಸ್ ಡಿಗ್ರಿಗೆ 360 ಕ್ರೆಡಿಟ್, ಫೌಂಡೇಶನ್ ಡಿಗ್ರಿ 240, ಉಳಿದ 120 ಅನ್ನ ‘ಟಾಪ್ ಅಪ್’ ಅಂತ ಆಮೇಲೆ ಮಾಡ್ಬೇಕು. ಅಲ್ಲಿನ ಸರ್ಕಾರಿ ಶಾಲೇಲಿ ಪೂರ್ತಿ ಟೀಚರ್ ಆಗೋಕೆ ಡಿಗ್ರಿ ಮೇಲೆ ಕ್ಯೂಟಿಎಸ್ ಅನ್ನೋ ಟೀಚರ್ ಅರ್ಹತೆ ಬೇರೆ ಬೇಕು, ಅದರ ಟ್ರೈನಿಂಗಿಗೆ ಇಂಗ್ಲಿಷ್, ಮ್ಯಾಥ್ಸಲ್ಲಿ ಜಿಸಿಎಸ್‌ಇ (ನಮ್ಮ ಎಸ್ಸೆಸ್ಸೆಲ್ಸಿ ಥರದ ಅಲ್ಲಿನ ಪರೀಕ್ಷೆ) ಗ್ರೇಡ್ 4ರ ಮಟ್ಟ ತೋರಿಸ್ಬೇಕು, ಪ್ರೈಮರಿಗಾದ್ರೆ ಸೈನ್ಸೂ ಸೇರುತ್ತೆ. ಇಲ್ಲಿಂದ ಅವಳು ಡಿಗ್ರಿ ಮುಗಿಸಿಯೇ ಹೋಗಿದ್ರೆ ಫೌಂಡೇಶನ್ ಡಿಗ್ರಿಗೆ ದುಡ್ಡು ಸುರಿಯೋಕೆ ಮುಂಚೆ ಆ ಡಿಗ್ರಿ ಅಲ್ಲಿ ಯಾವ ಮಟ್ಟಕ್ಕೆ ಸಮ ಆಗುತ್ತೆ ಅಂತ ಸರ್ಟಿಫಿಕೇಟ್ ಮಾಡಿಸ್ಲಿ, ನೇರವಾಗಿ ಟೀಚರ್ ಟ್ರೈನಿಂಗಿಗೇ ಹೋಗ್ಬಹುದೇನೋ.

ಇಲ್ಲಿಗೆ ವಾಪಸ್ ಬರೋ ಯೋಚನೆ ಇದ್ರೆ ಫೌಂಡೇಶನ್ ಡಿಗ್ರಿ ಒಂದನ್ನೇ ಹಿಡ್ಕೊಂಡು ಬಂದು ಬಿ.ಎ.ಗೆ ಸಮ ಅಂತ ತೋರಿಸೋಕಾಗಲ್ಲ. ಟಾಪ್ ಅಪ್ ಮಾಡಿ ಪೂರ್ತಿ ಡಿಗ್ರಿ ಮುಗಿಸ್ಲಿ, ಆಮೇಲೆ 2025ರ ನಿಯಮದ ಪ್ರಕಾರ ಯುಜಿಸಿ ಹತ್ರ ಸಮಾನತೆ ಪತ್ರ ಕೇಳ್ಬೇಕಾಗುತ್ತೆ. ಅದಕ್ಕೆ ಮಾರ್ಕ್ಸ್ ಕಾರ್ಡ್, ಸಿಲಬಸ್ ಕಾಪಿ, ಎಷ್ಟು ಗಂಟೆ ಕ್ಲಾಸ್ ಅನ್ನೋ ವಿವರ ಎಲ್ಲಾ ಓದ್ತಿರುವಾಗ್ಲೇ ತಗೊಂಡು ಒಂದು ಫೈಲಲ್ಲಿ ಹಾಕಿಡೋಕೆ ಹೇಳಿ, ಊರಿಗೆ ಬಂದ್ಮೇಲೆ ಅಲ್ಲಿಂದ ಇಮೇಲಲ್ಲಿ ತರಿಸೋದು ತುಂಬಾ ತಲೆನೋವು.