ತಲಾಖ್ ಮಾತಿನ ನಡುವೆ ನಮಾಝ್ ಯಾಕೆ?

ಪ್ರಶ್ನೆ: ಕುರ್‌ಆನನ್ನು ಕನ್ನಡದಲ್ಲಿ ಓದುತ್ತಿದ್ದೇನೆ. ಅಲ್ ಬಕರಾ ಅಧ್ಯಾಯದಲ್ಲಿ ತಲಾಖ್, ಮಹರ್ (ಮದುವೆಯಲ್ಲಿ ಗಂಡು ಹೆಣ್ಣಿಗೆ ಕೊಡಬೇಕಾದ ವಧುಧನ) ಅಂತ ಸಾಗುತ್ತಿದ್ದ ಮಾತು 238ನೇ ಸೂಕ್ತದಲ್ಲಿ ಇದ್ದಕ್ಕಿದ್ದಂತೆ ನಮಾಝಿಗೆ ಹಾರುತ್ತದೆ. 240ರಲ್ಲಿ ಮತ್ತೆ ವಿಧವೆಯರ ವಿಷಯ. ಇದಕ್ಕೇನಾದರೂ ಸಂಬಂಧ ಉಂಟಾ?
– ಓದುಗರೊಬ್ಬರು, ಪುತ್ತೂರು

ಉತ್ತರ: ಉಂಟು. 237ನ್ನು ಇನ್ನೊಮ್ಮೆ ಓದಿ. ಕೂಡಿ ಬಾಳುವ ಮೊದಲೇ ತಲಾಖ್ ಆದರೆ, ಗೊತ್ತು ಮಾಡಿದ ಮಹರಿನ ಅರ್ಧ ಹೆಣ್ಣಿಗೆ ಸೇರಬೇಕು. ಇಷ್ಟು ಕಾನೂನು. ಆದರೆ ಸೂಕ್ತ ಅಲ್ಲಿಗೆ ನಿಲ್ಲುವುದಿಲ್ಲ. ಬಿಟ್ಟುಕೊಡುವುದೇ ದೇವಭಕ್ತಿಗೆ ಹತ್ತಿರ, ಪರಸ್ಪರ ಔದಾರ್ಯ ಮರೆಯಬೇಡಿ ಅನ್ನುತ್ತದೆ.

ಜಗಳದ ಹೊತ್ತಲ್ಲಿ ಔದಾರ್ಯ ಎಲ್ಲಿಂದ ಬರಬೇಕು, ಹೇಳಿ? ನಾನು ಮಸೀದಿ ಜಮಾಅತಿನ ಪಂಚಾಯಿತಿಕೆಗಳಲ್ಲಿ ಕೂತವನು. ಕಾನೂನು ಗೊತ್ತಿಲ್ಲದವರು ಅಲ್ಲಿ ಕಮ್ಮಿ. ಬಳೆ ಎಷ್ಟು ಪವನ್, ಮದುವೆ ಊಟದ ಖರ್ಚು ಯಾರದು ಅಂತ ಶುರುವಾದರೆ ಮುಗಿಯಿತು, ಒಬ್ಬರೂ ಬಗ್ಗುವುದಿಲ್ಲ. ಅಷ್ಟರಲ್ಲಿ ಅಸರ್, ಅಂದರೆ ಇಳಿಹೊತ್ತಿನ ನಮಾಝಿನ ಬಾಂಗ್ ಆಗುತ್ತದೆ. ಎರಡೂ ಕಡೆಯವರು ಎದ್ದು ಹೋಗಿ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ವಾಪಸ್ ಬಂದಾಗ ಎಲ್ಲರೂ ಮೆತ್ತಗಾಗಿರುತ್ತಾರೆ ಅಂತೇನಲ್ಲ. ಆದರೆ 238 ಹೇಳುವುದು ಇದೇ ಜಾಗದಲ್ಲಿ: ನಮಾಝ್‌ಗಳನ್ನು ಕಾಪಾಡಿಕೊಳ್ಳಿ, ಅದರಲ್ಲೂ ನಡುವಿನ ನಮಾಝನ್ನು. ಅದು ಅಸರ್ ಎಂದು ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ.

ಇಂಥ ಜೋಡಣೆ ಇದೊಂದೇ ಅಲ್ಲ. ಅಲ್ ಮುಅ್‌ಮಿನೂನ್ ಅಧ್ಯಾಯದ ಆರಂಭ ನೋಡಿ. ವಿಶ್ವಾಸಿಗಳ ಗುಣಗಳು ನಮಾಝಿನಿಂದ ಶುರುವಾಗಿ ನಮಾಝಿನಲ್ಲೇ ಮುಗಿಯುತ್ತವೆ. ನಡುವೆ ಝಕಾತ್ ಎಂಬ ಕಡ್ಡಾಯ ದಾನ, ಶೀಲ, ಅಮಾನತ್ತು (ನಂಬಿ ಒಪ್ಪಿಸಿದ್ದರ ಜೋಪಾನ), ಕೊಟ್ಟ ಮಾತು. ಅಲ್ ಮಆರಿಜ್‌ನಲ್ಲೂ ಹಾಗೇ.

ಆಝಮ್‌ಗಢದ ಕುರ್‌ಆನ್ ವಿದ್ವಾಂಸ ಹಮೀದುದ್ದೀನ್ ಫರಾಹಿ (1863-1930) ಮತ್ತು ಅವರ ಶಿಷ್ಯ ಅಮೀನ್ ಅಹ್ಸನ್ ಇಸ್ಲಾಹಿ, ಒಂದೊಂದು ಅಧ್ಯಾಯಕ್ಕೂ ಒಂದು ಕೇಂದ್ರ ವಿಷಯ ಇದೆ ಎಂದು ತೋರಿಸಲು ಜೀವನವನ್ನೇ ಕೊಟ್ಟವರು. ಅವರ ದಾರಿ ನನಗೆ ಇಷ್ಟ.

ಆದರೆ ಲೆಕ್ಕದ ಚಮತ್ಕಾರ ನನಗೆ ಒಗ್ಗುವುದಿಲ್ಲ. ಅಲ್ ಬಕರಾದಲ್ಲಿ 286 ಸೂಕ್ತ, ‘ಮಧ್ಯಮ ಸಮುದಾಯ’ದ ಮಾತು ಸರಿಯಾಗಿ ನಡುವಿನ 143ರಲ್ಲಿದೆ ಅಂತ ಕೆಲವರು ಬೆರಗಾಗುತ್ತಾರೆ. ಸೂಕ್ತ ಎಲ್ಲಿ ಮುಗಿಯುತ್ತದೆ ಎಂಬುದರಲ್ಲಿ ಹಿಂದಿನ ಒಂದೊಂದು ಊರಿನವರ ಎಣಿಕೆ ಬೇರೆ ಬೇರೆ. 286 ಇರಾಕಿನ ಕೂಫಾದವರ ಎಣಿಕೆ. ಬಸ್ರಾದವರದ್ದು 287, ಮದೀನಾದವರದ್ದು 285. ಆಗ ನಡು ಎಲ್ಲಿ?

ಓದು ನಿಲ್ಲಿಸಬೇಡಿ. ಭಯವಿದ್ದರೆ ನಡೆಯುತ್ತಲೋ ಸವಾರಿಯಲ್ಲೋ ನಮಾಝ್ ಮಾಡಿ ಅನ್ನುತ್ತದೆ 239. ಮನೆ ಜಗಳದಲ್ಲಿ ಅಂಥ ಭಯ ಯಾವುದು ಅಂತ ನಿಮಗೆ ಅನ್ನಿಸಿರಬಹುದು. ಉತ್ತರ ಮುಂದೆ ಸಿಗುತ್ತದೆ: 243ರಲ್ಲಿ ಸಾವಿಗೆ ಹೆದರಿ ಊರು ಬಿಟ್ಟ ಸಾವಿರಾರು ಜನ ಬರುತ್ತಾರೆ. ಅಲ್ಲಿಂದ 251ರ ತನಕ ಯುದ್ಧ, ಅರಸ ತಾಲೂತ್, ಪ್ರವಾದಿ ದಾವೂದ್.