ಎಡೋಗೆ ನೀರು ತಂದವರು

ಓದುಗರ ಪತ್ರ: ಜೌಗು ನೆಲವನ್ನು ಎಡೋ ಮಹಾನಗರವಾಗಿಸಿದ ತೊಕುಗಾವಾ ಇಯೆಯಾಸುವಿನ ಬಗ್ಗೆ ಬರೆಯಿರಿ. ಗಟ್ಟಿ ಮನಸ್ಸಿನ ಒಬ್ಬ ದೊರೆ ಇದ್ದರೆ ಸಾಕು, ಊರು ಎದ್ದು ನಿಲ್ಲುತ್ತದೆ ಅಲ್ವಾ?
– ಒಬ್ಬ ಓದುಗರು, ಶಿರಸಿ

ಸಂಪಾದಕರ ಉತ್ತರ: ಎಡೋ ಅಂದರೆ ಇಂದಿನ ಜಪಾನಿನ ರಾಜಧಾನಿ ಟೋಕಿಯೊ, ಅದರ ಬುಡ ಹುಡುಕುವ ನಿಮ್ಮ ಕುತೂಹಲ ನನಗೆ ತುಂಬಾ ಹಿಡಿಸಿತು. ಆದರೆ ಒಬ್ಬ ದೊರೆ ಸಾಕು ಅನ್ನುವುದನ್ನು ನಾನು ಒಪ್ಪಲಾರೆ.

ಇಯೆಯಾಸು ಜಾಣನೇ. 1590ರಲ್ಲಿ, ಆಗ ಜಪಾನನ್ನು ಆಳುತ್ತಿದ್ದ ಹಿದೆಯೋಶಿ ಅವನ ಹಳೆಯ ಸೀಮೆ ಬಿಡಿಸಿ ಎಡೋ ಇದ್ದ ಕಾಂಟೋ ಸೀಮೆಗೆ ಕಳಿಸಿದ. ಕಡಲು ಕೋಟೆಯ ಹತ್ತಿರದವರೆಗೂ ಚಾಚಿದ್ದ ಎಡೋದಲ್ಲಿ ಇಯೆಯಾಸು ನೆಲೆಯೂರಿದ. ಆ ಹೊಗಳಿಕೆ ಅವನಿಗೆ ಸಲ್ಲಲಿ.

ಮಣ್ಣು ಹೊತ್ತವರು ಯಾರು ಹೇಳಿ? 1603ರಲ್ಲಿ ಶೋಗನ್, ಅಂದರೆ ಜಪಾನನ್ನು ಆಳುವ ಸೇನಾನಾಯಕ, ಆದ ಮೇಲೆ ಅವನು ಸೀಮೆಗಳ ಒಡೆಯರಿಗೆಲ್ಲ ಆಳು ಕಳಿಸಲು ಹೇಳಿದ. 1000 ಕೊಕು ಅಕ್ಕಿಯ ಆದಾಯಕ್ಕೆ ಒಬ್ಬ ಆಳು. ಒಂದು ಕೊಕು ಅಂದರೆ ಹೆಚ್ಚುಕಡಿಮೆ ಒಬ್ಬರ ಒಂದು ವರ್ಷದ ಊಟ. ಹಾಗೆ ಬಂದವರು ಕಾಂದಾ ಗುಡ್ಡ ಕಡಿದು, ಆ ಮಣ್ಣಿನಿಂದ ಹಿಬಿಯಾದ ಕಡಲ ಚಾಚನ್ನು ಮುಚ್ಚಿದರು. ನೆಲವೇನೋ ಸಿಕ್ಕಿತು. ಬಾವಿ ತೋಡಿದರೆ ಉಪ್ಪುನೀರು!

ನನಗೆ ಜಾಸ್ತಿ ಇಷ್ಟವಾದ ಕಥೆ ಇಲ್ಲಿಂದ ಮುಂದಿನದು. 1653ರಲ್ಲಿ ಶೋಎಮೊನ್, ಸೇಎಮೊನ್ ಎಂಬ ಅಣ್ಣತಮ್ಮಂದಿರು ತಾಮಾ ನದಿಯ ನೀರಿಗೆ ಹಮುರಾದಿಂದ ಎಡೋದ ಯೋತ್ಸುಯಾವರೆಗೆ ಸುಮಾರು 43 ಕಿ.ಮೀ. ಕಾಲುವೆ ತೋಡಿಸಿದರು. ಅಷ್ಟು ದೂರಕ್ಕೆ ಇಳಿಜಾರು ಬರೀ 92 ಮೀಟರ್. ಪಂಪು ಇಲ್ಲದ ಕಾಲ. ಮಟ್ಟ ಸ್ವಲ್ಪ ತಪ್ಪಿದರೂ ನೀರು ಅಲ್ಲೇ ನಿಲ್ಲುತ್ತದೆ. ಸರ್ಕಾರದ ಹಣ ಮುಗಿದಾಗ ಅವರು ಮನೆ ಮಾರಿ ಕೆಲಸ ಮುಗಿಸಿದರು ಎಂಬ ಮಾತಿದೆ. ಅಷ್ಟು ಹೊತ್ತಿಗೆ ಇಯೆಯಾಸು ಸತ್ತು 37 ವರ್ಷವಾಗಿತ್ತು. ಎಡೋ ಕೊಲ್ಲಿಗೆ ಬೀಳುತ್ತಿದ್ದ ತೋನೆ ನದಿಯನ್ನು ಪೂರ್ವಕ್ಕೆ ತಿರುಗಿಸುವ ಕೆಲಸ 1654ರವರೆಗೆ ನಡೆಯಿತು. ಶೋಗನ್‌ನ ಅಧಿಕಾರಿಗಳಾಗಿದ್ದ ಇನಾ ಮನೆತನದ ಮೂರು ತಲೆಮಾರು ಅದರಲ್ಲೇ ಸವೆಯಿತು. 18ನೇ ಶತಮಾನದ ಎಡೋದಲ್ಲಿ ಸುಮಾರು 10 ಲಕ್ಷ ಜನ ಬದುಕಿದ್ದು ಇಂಥವರ ದುಡಿಮೆಯಿಂದ.

ನಮಗೆ ಬರುವ ಇತಿಹಾಸದ ಲೇಖನಗಳನ್ನು ಓದಿ ಬೇಸರವಾಗುತ್ತದೆ. ಇಯೆಯಾಸು ಗೆದ್ದ ಸೆಕಿಗಹರಾ ಯುದ್ಧಕ್ಕೆ ಪುಟಗಟ್ಟಲೆ, ಕಾಲುವೆಗೆ ಒಂದು ಸಾಲೂ ಇಲ್ಲ. ಕತ್ತಿ ಹಿಡಿದವನ ಹೆಸರು ಮಕ್ಕಳಿಗೂ ಗೊತ್ತು. ಗುದ್ದಲಿ ಹಿಡಿದವನನ್ನು ಕೇಳುವವರೇ ಇಲ್ಲ. ನಿಮ್ಮಂಥ ಒಳ್ಳೆಯ ಓದುಗರೂ ಹೀಗೆ ಬರೆದರೆ ಹೇಗೆ?

ಆಳುವವರನ್ನೇ ಮೆಚ್ಚಬೇಕೆಂದಿದ್ದರೆ ಮುಂದಿನ ಶೋಗನ್‌ನೊಬ್ಬನಿಗೆ ಆಡಳಿತದಲ್ಲಿ ನೆರವಾದ ಹೋಶಿನಾ ಮಾಸಾಯುಕಿಯನ್ನು ಮೆಚ್ಚಿ. 1657ರ ಬೆಂಕಿಯಲ್ಲಿ ಊರಿನ ಜೊತೆ ಕೋಟೆಯ ದೊಡ್ಡ ಗೋಪುರವೂ ಸುಟ್ಟುಹೋಯಿತು. ಗೋಪುರ ಆಮೇಲಾಗಲಿ, ಮೊದಲು ಊರಿಗೆ ಖರ್ಚು ಮಾಡೋಣ ಎಂದವನು ಅವನು. ಆ ಗೋಪುರವನ್ನು ಮತ್ತೆ ಕಟ್ಟಲೇ ಇಲ್ಲ. ಅವನ ಬಗ್ಗೆ ನೀವೇ ಓದಿ ಬರೆದು ಕಳಿಸಿ, ಪ್ರಕಟಿಸುತ್ತೇವೆ.