ಸಕ್ಕರೆ ಪಾಕಕ್ಕೆ ಕ್ಯಾಪ್ಸೂಲ್ ಒಡೆದು ಹಾಕಬೇಡಿ

ಪ್ರಶ್ನೆ: ಕಾರ್ಕಳದ ತೋಟದಲ್ಲಿ ಎಂಟು ತುಡುವೆ ಜೇನಿನ ಪೆಟ್ಟಿಗೆ ಇಟ್ಟಿದ್ದೇನೆ. ಮಳೆಗಾಲದಲ್ಲಿ ಪಾಕ ಕೊಡುವಾಗ, ರೋಗ ಬಾರದಿರಲಿ ಅಂತ ಬ್ಯಾಕ್ಟೀರಿಯಾ ಕೊಲ್ಲುವ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಬೆರೆಸಬಹುದಾ?

ಬೇಡ. ಆಟಿ ತಿಂಗಳು ಬಂತೆಂದರೆ ಉಡುಪಿ ಕಡೆಯಿಂದ ಇದೇ ಪ್ರಶ್ನೆ. ಯಾರೋ "ಏನೂ ಆಗಲ್ಲ, ಹಾಕಿ" ಅಂದಿರುತ್ತಾರೆ. ಆಗುತ್ತದೆ.

ಆಗ ತಾನೇ ಕೋಶದಿಂದ ಹೊರಬಂದ ಜೇನುನೊಣದ ಕರುಳಿನಲ್ಲಿ ಬ್ಯಾಕ್ಟೀರಿಯಾ ಇಲ್ಲವೆನ್ನುವಷ್ಟು ಕಡಿಮೆ. ಗೂಡಿನ ಉಳಿದ ನೊಣಗಳಿಂದ, ಎರಿಯಿಂದ ಕೆಲವೇ ದಿನಗಳಲ್ಲಿ ಅವು ಬಂದು ಸೇರುತ್ತವೆ. ಸ್ನಾಡ್‌ಗ್ರಾಸೆಲ್ಲಾ ಎಂಬ ಬ್ಯಾಕ್ಟೀರಿಯಾ ಕರುಳಿನ ಗೋಡೆಗೇ ಅಂಟಿ ಕೂರುತ್ತದೆ. ಅದರ ಮೇಲಿನ ಪದರದಲ್ಲಿ ಗಿಲಿಯಾಮೆಲ್ಲಾ ಎಂಬ ಇನ್ನೊಂದು, ಪರಾಗದ ಗೋಡೆಯಲ್ಲಿರುವ ಪೆಕ್ಟಿನ್ ಎಂಬ ಅಂಟನ್ನು ಒಡೆಯಲು ನೆರವಾಗುತ್ತದೆ. ಇವು ನೆಲೆಯೂರಿದ ಮೇಲೆ ನೊಣ ಅಪಿಡೆಸಿನ್ ಎಂಬ ಬ್ಯಾಕ್ಟೀರಿಯಾ ಕೊಲ್ಲುವ ವಸ್ತುವನ್ನು ಜಾಸ್ತಿ ತಯಾರಿಸುತ್ತದೆ. ಸ್ನಾಡ್‌ಗ್ರಾಸೆಲ್ಲಾ ಅದನ್ನು ತಡೆದುಕೊಳ್ಳುತ್ತದೆ. ಹೊರಗಿನಿಂದ ನುಗ್ಗುವ ಎಷ್ಟೋ ಬ್ಯಾಕ್ಟೀರಿಯಾಗಳಿಗೆ ಅದು ಆಗುವುದಿಲ್ಲ.

ಕರುಳಿಗೆ ಮನೆಯವರು ಯಾರು, ಕಳ್ಳರು ಯಾರು ಅಂತ ಹೇಗೆ ಗೊತ್ತಾಗುತ್ತದೆ? ಇದನ್ನು ಚೆನ್ನಾಗಿ ನೋಡಿರುವುದು ಹಣ್ಣಿನ ನೊಣದಲ್ಲಿ. ಕೆಲವು ರೋಗಾಣುಗಳು ಯುರಾಸಿಲ್ ಎಂಬ ರಾಸಾಯನಿಕ ಬಿಡುತ್ತವೆ. ಅದು ತಾಗಿದರೆ ಕರುಳು ಸುಡುವಂಥ ಆಮ್ಲಜನಕದ ಕಣಗಳನ್ನು ಹೊರಹಾಕುತ್ತದೆ. ಮಾಮೂಲಿ ನಿವಾಸಿಗಳಲ್ಲಿ ಹೆಚ್ಚಿನವು ಯುರಾಸಿಲ್ ಬಿಡುವುದಿಲ್ಲ, ಸುಮ್ನೆ ಬದುಕಿಕೊಳ್ಳುತ್ತವೆ. ಕಾಡಲ್ ಎಂಬ ಜೀನ್ ಈ ರಕ್ಷಣೆಗೆ ಕಡಿವಾಣ ಹಾಕುತ್ತದೆ. ಅದನ್ನು ಅಡಗಿಸಿದರೆ ಬ್ಯಾಕ್ಟೀರಿಯಾ ಕೊಲ್ಲುವ ವಸ್ತು ಅತಿಯಾಗಿ, ಒಳಗಿನ ಸಮತೋಲ ತಪ್ಪಿ, ಕರುಳಿನ ಕೋಶಗಳೇ ಸಾಯುತ್ತವೆ. ಅತಿ ರಕ್ಷಣೆಯೂ ರೋಗವೇ ಅಲ್ವಾ?

ಇಷ್ಟು ಸೂಕ್ಷ್ಮವಾದ ಜಾಗಕ್ಕೆ ನೀವು ಟೆಟ್ರಾಸೈಕ್ಲಿನ್ ಸುರಿಯುತ್ತೀರಿ. ಟೆಕ್ಸಾಸ್ ವಿಶ್ವವಿದ್ಯಾಲಯದವರು 2017ರಲ್ಲಿ ಯುರೋಪಿನ ಜೇನುನೊಣಗಳ ಮೇಲೆ ಇದನ್ನು ಪರೀಕ್ಷಿಸಿದ್ದಾರೆ. ಔಷಧಿ ತಿಂದ ನೊಣಗಳ ಕರುಳಿನ ಬ್ಯಾಕ್ಟೀರಿಯಾ ತೀರಾ ಇಳಿಯಿತು. ಗೂಡಿಗೆ ಮರಳಿ ಬಿಟ್ಟಾಗ ಅವುಗಳಲ್ಲಿ ಬದುಕುಳಿದದ್ದೂ ಕಡಿಮೆ.

ನೀವು ಹೆದರುವುದು 1991-92ರಲ್ಲಿ ನಮ್ಮ ತುಡುವೆಗಳನ್ನು ಬರಿದು ಮಾಡಿದ ಥಾಯ್ ಸ್ಯಾಕ್‌ಬ್ರೂಡ್ ರೋಗಕ್ಕಾದರೆ, ಅದು ವೈರಸ್. ಟೆಟ್ರಾಸೈಕ್ಲಿನ್ ಅದನ್ನು ಮುಟ್ಟುವುದೂ ಇಲ್ಲ. ಜೇನಿನಲ್ಲಿ ಔಷಧಿ ಉಳಿಯುವ ಅಪಾಯ ಬೇರೆ. ನನ್ನ ಪೆಟ್ಟಿಗೆಗಳಿಗೆ ನಾನು ಇದನ್ನು ಒಮ್ಮೆಯೂ ಹಾಕಿಲ್ಲ. ಖಾಲಿ ಎರಿ ತೆಗೆಯಿರಿ, ಬಾಗಿಲು ಕಿರಿದು ಮಾಡಿ, ಬಿಳಿ ಸಕ್ಕರೆಯ ಪಾಕ ಸಂಜೆ ಕೊಡಿ. ರೋಗ ಬಂದ ಪೆಟ್ಟಿಗೆಯ ಎರಿಯನ್ನು ಇನ್ನೊಂದಕ್ಕೆ ಹಾಕಬೇಡಿ.

ಪ್ರಶ್ನೆ: ಮಜ್ಜಿಗೆ ಬೆರೆಸಿದರೆ ಒಳ್ಳೆ ಬ್ಯಾಕ್ಟೀರಿಯಾ ಸಿಗುತ್ತದಾ?

ಇಲ್ಲ. ಮೊಸರಿನ ಬ್ಯಾಕ್ಟೀರಿಯಾ ಬೇರೆ, ಜೇನುನೊಣದ್ದು ಬೇರೆ.

ಪ್ರಶ್ನೆ: ಅರಿಶಿನ?

ಅದನ್ನು ಸಾರಿಗೆ ಹಾಕಿ.